ತೋಳಿನಲ್ಲಿ ಇಂಪ್ಲಾಂಟ್ ಇರುವಾಗ ಮದ್ಯ ಕುಡಿದರೆ ಅದರ ಕೆಲಸ ಕೆಡುತ್ತದೆಯೇ?

ಬಳ್ಳಾರಿ ಗುಡ್ಡದ ಕೆಳಗೆ:

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆಯನ್ನು ಬರೆಯಲೋ ಬೇಡವೋ ಎಂದು ಒಂಬತ್ತು ದಿನ ಹಿಂದೆಮುಂದೆ ನೋಡಿ, ಇಂದು ಮಗಳು ಮಲಗಿದ ಮೇಲೆ ಬರೆಯುತ್ತಿದ್ದೇನೆ. ನನಗೆ 29 ವರ್ಷ. ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಎಡತೋಳಿನ ಒಳಭಾಗಕ್ಕೆ ಗರ್ಭನಿರೋಧಕ ಇಂಪ್ಲಾಂಟ್ ಹಾಕಿಸಿಕೊಂಡೆ. ಈಗ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿದ್ದರಿಂದ ಬಳ್ಳಾರಿಯಲ್ಲಿ ಅತ್ತೆಯವರ ಮನೆಯಲ್ಲಿದ್ದೇವೆ. ಇಂಪ್ಲಾಂಟ್ ಇರುವುದು ನನ್ನ ಯಜಮಾನರಿಗೆ ಗೊತ್ತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

ಕಳೆದ ವಾರ ಕಾಲೇಜಿನ ಗೆಳತಿಯರು ಸೇರಿದ್ದೆವು. ನಾನು ಅಪರೂಪಕ್ಕೆ ಕುಡಿಯುವವಳು. ಅಂದು ಮೂರು ಲೋಟ ವೈನ್ ಆಯಿತು, ರಾತ್ರಿ ಎರಡು ಸಲ ವಾಂತಿಯೂ ಆಯಿತು. ಮರುದಿನದಿಂದ ಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ರಕ್ತದ ಕಲೆ ಕಾಣಿಸುತ್ತಿದೆ. ಔಷಧದ ಅಂಗಡಿಯೊಂದರಲ್ಲಿ ಕೇಳಿದಾಗ, ಕುಡಿದರೆ ಒಳಗಿನ ಕಡ್ಡಿ ಕರಗಿ ಹೋಗುತ್ತದೆ ಎಂದು ಅಲ್ಲಿದ್ದವರು ಹೇಳಿದರು. ಆ ಮಾತು ಕೇಳಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಇಲ್ಲಿನ ಒಂದು ಆಸ್ಪತ್ರೆಗೂ ಹೋದೆ. ಕುಡಿದಿದ್ದೆ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಚೀಟಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನ ಕೊರಳಿನ ತಾಳಿಯನ್ನು ನೋಡಿದರು. ಉಳಿದ ಮಾತು ಗಂಟಲಲ್ಲೇ ಉಳಿಯಿತು. ತಲೆನೋವು ಎಂದು ಹೇಳಿ ಮಾತ್ರೆ ಬರೆಸಿಕೊಂಡು ಬಂದೆ.

ಕುಡಿದದ್ದರಿಂದ ಇಂಪ್ಲಾಂಟಿನ ಶಕ್ತಿ ಕಡಿಮೆಯಾಗಿದೆಯೇ? ಈ ರಕ್ತದ ಕಲೆ ಅದರ ಗುರುತೇ? ತಿಳಿದವರು ದಯವಿಟ್ಟು ಹೇಳಿ.

ಕೊಪ್ಪಳದ ಸ್ಟಾಫ್ ನರ್ಸ್:

ತಂಗಿ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಕುಡಿದ ವೈನಿನಿಂದ ಇಂಪ್ಲಾಂಟಿಗೆ ಏನೂ ಆಗಿಲ್ಲ. ಕುಟುಂಬ ಯೋಜನೆಯ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳಾಗಿ ಈ ಮಾತು ಹೇಳುತ್ತಿದ್ದೇನೆ. ಅದಕ್ಕೆ ಕಾರಣವನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದ ಸಮಾಧಾನ ರಾತ್ರಿ ಎಚ್ಚರವಾದಾಗ ಕೈಗೆ ಸಿಗುವುದಿಲ್ಲ.

ನಿಮ್ಮ ತೋಳಿನಲ್ಲಿರುವುದು ಸುಮಾರು 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ, ಬೆಂಕಿಕಡ್ಡಿಯಷ್ಟೇ ಇರುವ ಒಂದು ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ. ಅದರೊಳಗೆ ಎಟೊನೊಜೆಸ್ಟ್ರಲ್ ಎಂಬ ಹಾರ್ಮೋನು 68 ಮಿಲಿಗ್ರಾಂ ಇರುತ್ತದೆ. ಆ ಪ್ಲಾಸ್ಟಿಕ್ ದೇಹದಲ್ಲಿ ಕರಗುವಂಥದ್ದೇ ಅಲ್ಲ. ಮೂರು ವರ್ಷ ಕಳೆದ ಮೇಲೂ ಹಾಕಿದ ಕಡ್ಡಿಯನ್ನು ಇಡಿಯಾಗಿಯೇ ಹೊರಗೆ ತೆಗೆಯುತ್ತೇವೆ. ಹಾರ್ಮೋನು ಮಾತ್ರ ಆ ಕಡ್ಡಿಯಿಂದ ಒಸರುತ್ತಾ ಹೋಗುತ್ತದೆ: ಮೊದಲ ವಾರಗಳಲ್ಲಿ ದಿನಕ್ಕೆ 60ರಿಂದ 70 ಮೈಕ್ರೋಗ್ರಾಂ, ಮೂರನೆಯ ವರ್ಷದ ಕೊನೆಗೆ 25ರಿಂದ 30 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣವೇ ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತದೆ, ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿಮಾಡಿ ವೀರ್ಯಾಣುಗಳು ದಾಟದಂತೆ ನೋಡಿಕೊಳ್ಳುತ್ತದೆ. ಇದನ್ನು ಹಾಕಿಸಿಕೊಂಡ ನೂರು ಹೆಂಗಸರಲ್ಲಿ ಒಂದು ವರ್ಷದಲ್ಲಿ ಒಬ್ಬರೂ ಬಸಿರಾಗುವುದು ಅಪರೂಪ.

ವಾಂತಿಯ ವಿಷಯ. ಮಾಲಾ-ಎನ್‌ನಂತಹ ದಿನನಿತ್ಯದ ಮಾತ್ರೆಯಾಗಿದ್ದರೆ ನಿಮ್ಮ ಹೆದರಿಕೆಗೆ ಅರ್ಥವಿತ್ತು. ಮಾತ್ರೆ ಹೊಟ್ಟೆಗೆ ಹೋಗಿ, ಕರುಳಿನ ಮೂಲಕ ರಕ್ತಕ್ಕೆ ಸೇರಬೇಕು. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ನುಂಗಬೇಕಾಗುತ್ತದೆ. ಕುಡಿದು ಮಲಗಿದ ರಾತ್ರಿ ಮಾತ್ರೆಯೇ ಮರೆತುಹೋಗುವುದೂ ಉಂಟು. ಇಂಪ್ಲಾಂಟ್ ತೋಳಿನ ಚರ್ಮದ ಕೆಳಗಿನಿಂದ ನೇರವಾಗಿ ರಕ್ತಕ್ಕೆ ಹಾರ್ಮೋನು ಕೊಡುತ್ತದೆ. ಹೊಟ್ಟೆ ಕೆಟ್ಟರೂ, ವಾಂತಿ ಭೇದಿಯಾದರೂ, ನೀವು ಮರೆತರೂ ಅದರ ಕೆಲಸ ನಿಲ್ಲುವುದಿಲ್ಲ.

ಮದ್ಯವನ್ನೂ ಯಕೃತ್ತೇ ಕರಗಿಸುತ್ತದೆ, ಈ ಹಾರ್ಮೋನನ್ನೂ ಯಕೃತ್ತೇ ಕರಗಿಸುತ್ತದೆ, ಹಾಗಿದ್ದರೆ ಒಂದಕ್ಕೊಂದು ಅಡ್ಡ ಬರುವುದಿಲ್ಲವೇ ಎಂದು ಓದಿಕೊಂಡವರು ಕೇಳುತ್ತಾರೆ. ಒಂದೇ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆ, ಬಲದಂಡೆಯ ಕಾಲುವೆ ಬೇರೆ ಬೇರೆಯಾಗಿ ಹೊರಡುವ ಹಾಗೆ, ಯಕೃತ್ತಿನಲ್ಲಿ ಮದ್ಯವನ್ನು ಒಡೆಯುವ ಮುಖ್ಯ ಕಿಣ್ವಗಳು ಬೇರೆ, ಈ ಹಾರ್ಮೋನನ್ನು ಒಡೆಯುವ ಕಿಣ್ವ ಬೇರೆ. ಇಂಪ್ಲಾಂಟಿನ ಪರಿಣಾಮವನ್ನು ತಗ್ಗಿಸುವ ವಸ್ತುಗಳ ಪಟ್ಟಿಯಲ್ಲಿ ಮದ್ಯ ಇಲ್ಲ.

ರಕ್ತದ ಕಲೆಯೂ ವೈನಿನದಲ್ಲ. ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಮುಟ್ಟಿನ ಲೆಕ್ಕ ತಪ್ಪುವುದು ಅತಿ ಸಾಮಾನ್ಯ. ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ, ಕೆಲವರಿಗೆ ಹದಿನೈದು ದಿನ ಎಳೆಯುತ್ತದೆ, ಹಲವರಿಗೆ ನಿಮ್ಮ ಹಾಗೆ ಕಲೆ ಕಾಣಿಸುತ್ತದೆ. ಅದು ಇಂಪ್ಲಾಂಟ್ ಸೋತಿದೆ ಎಂಬುದರ ಗುರುತಲ್ಲ.

ಈಗ ಒಂದು ಕೆಲಸ ಮಾಡಿ. ಎಡಗೈಯನ್ನು ತಲೆಯ ಹಿಂದಕ್ಕೆ ಮಡಚಿ, ಬಲಗೈಯ ಎರಡು ಬೆರಳುಗಳನ್ನು ತೋಳಿನ ಒಳಭಾಗದ ಮೇಲೆ ಮೆಲ್ಲನೆ ಆಡಿಸಿ. ಅನ್ನದೊಳಗೆ ಸಿಕ್ಕ ದಾಲ್ಚಿನ್ನಿಯ ತುಂಡಿನ ಹಾಗೆ ಸಣ್ಣ ಗೆರೆಯೊಂದು ಚರ್ಮದ ಕೆಳಗೆ ಬೆರಳಿಗೆ ಸಿಗುತ್ತದೆ. ಅದರ ಎರಡೂ ತುದಿ ಸಿಕ್ಕರೆ ಕಡ್ಡಿ ಇದ್ದಲ್ಲಿಯೇ ಇದೆ. ಸಿಗದಿದ್ದರೆ ಮಾತ್ರ, ಪರೀಕ್ಷೆಯಾಗುವವರೆಗೆ ನಿರೋಧ್ ಬಳಸಿ, ಹಾಕಿದ ವೈದ್ಯರನ್ನೇ ಕಾಣಿ.

ಮಾನ್ವಿಯ ಅವ್ವ:

ನಾನು ಹೆಚ್ಚು ಓದಿದವಳಲ್ಲ. ನನ್ನ ಮಗಳು ಓದಿ ಹೇಳಿದ್ದನ್ನು ಕೇಳಿ, ನಾನು ಹೇಳಿದ್ದನ್ನು ಅವಳಿಂದ ಬರೆಸುತ್ತಿದ್ದೇನೆ. 2007ರಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ಓಣಿಯಲ್ಲಿ ಹೋಳಿಗೆ ಮಾಡಿದ್ದೆವು. ಆಮೇಲೆ ಅದೇ ಓಣಿಗೆ 90 ಎಂಎಲ್ ಪೊಟ್ಟಣ ಬಂತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ಬೇಡವೆಂದು ನಡೆದ ಹೆಂಗಸರಲ್ಲಿ ನಾನೂ ಇದ್ದೆ. ಕಾಲಿನ ಬೊಬ್ಬೆ ಒಡೆದು ಚಪ್ಪಲಿಗೆ ಅಂಟಿಕೊಂಡಿತ್ತು. ನಮ್ಮೆಜಮಾನರು ಕುಡಿದೇ ಹೋದರು. ಆದ್ದರಿಂದ ಹೆಣ್ಣುಮಕ್ಕಳು ಕುಡಿಯುವ ಮಾತು ಕೇಳಿದರೆ ನನ್ನ ಎದೆ ಹಿಂಡುತ್ತದೆ.

ಆ ತಂಗಿಯನ್ನು ನಾನು ಬೈಯುತ್ತಿಲ್ಲ. ಆಸ್ಪತ್ರೆಯಲ್ಲಿ ಅವಳ ತಾಳಿ ನೋಡಿದವರು ತಪ್ಪು ಮಾಡಿದರು. ಆದರೆ ನರ್ಸಮ್ಮನವರಲ್ಲಿ ಒಂದು ವಿನಂತಿ: ಕುಡಿದರೆ ಕಡ್ಡಿಗೆ ಏನೂ ಆಗುವುದಿಲ್ಲ ಎಂಬ ಮಾತು, ಕುಡಿದರೆ ಏನೂ ಆಗುವುದಿಲ್ಲ ಎಂಬಂತೆ ಯಾರ ಕಿವಿಗೂ ಬೀಳಬಾರದು. ಅದನ್ನೂ ಬಿಡಿಸಿ ಬರೆಯಿರಿ.

ಕೊಪ್ಪಳದ ಸ್ಟಾಫ್ ನರ್ಸ್:

ಅವ್ವ, ನೀವು ಹೇಳಿದ್ದು ಸರಿ. ಆ ಎರಡನ್ನೂ ನಾನು ಆಗಲೇ ಒಟ್ಟಿಗೆ ಬರೆಯಬೇಕಿತ್ತು.

ಇಂಪ್ಲಾಂಟ್ ಬಸಿರನ್ನು ತಡೆಯುತ್ತದೆಯೇ ಹೊರತು ಮದ್ಯ ದೇಹಕ್ಕೆ ಮಾಡುವ ಕೇಡನ್ನು ತಡೆಯುವುದಿಲ್ಲ. ಹೆಂಗಸರ ದೇಹದಲ್ಲಿ ನೀರಿನ ಪ್ರಮಾಣ ಗಂಡಸರಿಗಿಂತ ಕಡಿಮೆ ಇರುವುದರಿಂದ ಒಂದೇ ಅಳತೆಯ ಮದ್ಯ ಅವರ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ, ಯಕೃತ್ತೂ ಬೇಗ ಕೆಡುತ್ತದೆ. ಮದ್ಯದಿಂದ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಆರೋಗ್ಯಕ್ಕೆ ಕೇಡಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಹಳ ಕಾಲ ಕುಡಿದು ಯಕೃತ್ತು ಗಟ್ಟಿಕಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆ ಬಂದವರಿಗೆ ಇಂಪ್ಲಾಂಟ್ ಹಾಕಲು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕುಡಿತಕ್ಕೂ ಇಂಪ್ಲಾಂಟಿಗೂ ನಿಜವಾದ ಸಂಬಂಧ ಬರುವುದು ಅಲ್ಲಿ.

ಮನಸ್ಸಿನ ವಿಷಯವೂ ಇದೆ. ಇಂಪ್ಲಾಂಟ್ ಹಾಕಿಸಿಕೊಂಡ ಕೆಲವರಿಗೆ ಮನಸ್ಸು ಕುಗ್ಗುವುದು, ಸಣ್ಣ ಮಾತಿಗೆ ಅಳು ಬರುವುದು ಉಂಟು. ಮದ್ಯವೂ ಮರುದಿನ ಮನಸ್ಸನ್ನು ಕೆಳಗಿಳಿಸುತ್ತದೆ. ಎರಡೂ ಸೇರಿದಾಗ ಯಾವುದರಿಂದ ಯಾವುದು ಎಂದು ತಿಳಿಯದೆ, ಕಡ್ಡಿ ತೆಗೆದುಬಿಡಿ ಎಂದು ಬಂದವರನ್ನು ಕಂಡಿದ್ದೇನೆ. ಅಂಥವರಿಗೆ ಎರಡು ತಿಂಗಳು ಮದ್ಯ ಬಿಟ್ಟು ನೋಡಿ ಎಂದು ಹೇಳುತ್ತೇನೆ. ಆಮೇಲೂ ಹಾಗೇ ಇದ್ದರೆ ತೆಗೆಸಿಕೊಳ್ಳಲು ಅವರಿಗೆ ಪೂರ್ತಿ ಹಕ್ಕಿದೆ. ತೆಗೆಸಲು ಬಂದವರನ್ನು ಯಾರೂ ತಡೆಯಬಾರದು.

ಆಶಾ ಕಾರ್ಯಕರ್ತೆ, ರಾಯಚೂರು ತಾಲ್ಲೂಕು:

ಅಕ್ಕಾವ್ರೆ, ವೈನಿನ ಮಾತು ಬಂತು. ನಮ್ಮ ಕಡೆಯ ಸೇಂದಿಯ ಮಾತನ್ನೂ ಹೇಳಲೇಬೇಕು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಂಗಸರಲ್ಲಿ ಕೆಲವರು ಸಂಜೆ ಮೈಕೈ ನೋವಿಗೆಂದು ಸೇಂದಿ ಕುಡಿಯುತ್ತಾರೆ. ಅದು ಈಚಲು ಮರದಿಂದ ಇಳಿಸಿದ್ದಲ್ಲ. ನೀರಿಗೆ ಸಿ.ಎಚ್. ಪೌಡರ್ ಕಲಸಿ ಕೊಡುತ್ತಾರೆಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ನೋಡಿಕೊಳ್ಳುವ ಮನೆಗಳಲ್ಲಿ ಬಸಿರು ತಡೆಯುವ ‘ಅಂತರ’ ಇಂಜೆಕ್ಷನ್ ತೆಗೆದುಕೊಳ್ಳುವವರೇ ಹೆಚ್ಚು. ಇಂಪ್ಲಾಂಟ್ ಹಾಕಿಸಿಕೊಂಡವಳು ಒಬ್ಬಳೇ, ಪುಣೆಗೆ ದುಡಿಯಲು ಹೋದಾಗ ಹಾಕಿಸಿಕೊಂಡು ಬಂದವಳು. ಅವಳೂ ಸೇಂದಿ ಕುಡಿಯುತ್ತಾಳೆ. ಒಂದು ದಿನ ಬಿಟ್ಟರೆ ಕೈ ನಡುಗುತ್ತದೆ. ಅವಳಿಗೆ ನಾನು ಏನು ಹೇಳಬೇಕು?

ಸಿಂಧನೂರು ಔಷಧ ಅಂಗಡಿ:

ತಂಗಿ, ಇದಕ್ಕೆ ನಾನು ಉತ್ತರಿಸುತ್ತೇನೆ. ಇಪ್ಪತ್ತು ವರ್ಷದಿಂದ ಔಷಧದ ಅಂಗಡಿ ನಡೆಸುತ್ತಿದ್ದೇನೆ. ಇಂಪ್ಲಾಂಟ್ ಕರಗುತ್ತದೆ ಎಂದು ನನ್ನಂಥವರೇ ಒಬ್ಬರು ಹೇಳಿದ್ದನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು.

ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಕಲಬೆರಕೆ ಸೇಂದಿಯಲ್ಲಿ ಇದರ ಜೊತೆಗೆ ಅಲ್ಪ್ರಜೋಲಾಮ್, ಡಯಾಜೆಪಾಮ್‌ನಂತಹ ನಿದ್ದೆಮಾತ್ರೆಗಳನ್ನೂ ಬೆರೆಸುವುದುಂಟು. ಇವುಗಳಿಂದ ಇಂಪ್ಲಾಂಟಿನ ಕೆಲಸ ಕೆಡುವುದಿಲ್ಲ, ಆದರೆ ಆ ಹೆಣ್ಣುಮಗಳ ಜೀವಕ್ಕೇ ಅಪಾಯವಿದೆ. ಸೇಂದಿಯ ಮೇಲೆ ಮದ್ಯವೂ ಸೇರಿದರೆ ಉಸಿರಾಟವೇ ನಿಧಾನವಾಗಿ ನಿಂತುಹೋಗಬಹುದು. ಕೈ ನಡುಗುತ್ತಿದೆ ಎಂದರೆ ದೇಹ ಅದಕ್ಕೆ ಒಗ್ಗಿಕೊಂಡಿದೆ. ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬರಬಹುದು. ಆದ್ದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ, ರಾಯಚೂರಿನ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ.

ಇನ್ನು, ಈ ಚರ್ಚೆಯಲ್ಲಿ ಯಾರೂ ಕೇಳದ ಒಂದು ಮಾತು ಇದೆ. ಇಂಪ್ಲಾಂಟ್ ಇರುವವರು ಹೆದರಬೇಕಾದದ್ದು ಮದ್ಯದ ಬಾಟಲಿಗಿಂತ ಮಾತ್ರೆಯ ಚೀಟಿಗೆ. ನನ್ನ ಸ್ವಂತ ತಂಗಿಯ ವಿಷಯ ಹೇಳುತ್ತೇನೆ. ಅವಳು ಊರಿನಿಂದ ದೂರದ ನಗರದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದಳು. ಮರುವರ್ಷ ಕೆಮ್ಮು ಬಿಡದೆ, ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿದು, ಆರು ತಿಂಗಳ ಮಾತ್ರೆ ಆರಂಭವಾಯಿತು. ಬೇರೆ ಏನಾದರೂ ಔಷಧ ನಡೆದಿದೆಯೇ ಎಂದು ಕೇಳಿದಾಗ, ತೋಳಿನಲ್ಲಿರುವುದು ಔಷಧವೆಂದು ಅವಳಿಗೆ ಹೊಳೆಯಲಿಲ್ಲ. ತೋಳನ್ನು ಯಾರೂ ನೋಡಲಿಲ್ಲ. ಮಾತ್ರೆ ಆರಂಭಿಸಿದ ಮೊದಲ ವಾರವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ ಎಂದು ಗಾಬರಿಯಾಗಿ ನನಗೆ ಫೋನು ಮಾಡಿದಳು. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಹೆದರಬೇಡ ಎಂದೆ. ಅಷ್ಟು ಹೇಳಿದವನಿಗೆ ಅವಳ ಇಂಪ್ಲಾಂಟಿನ ನೆನಪು ಬರಲಿಲ್ಲ. ನಾಲ್ಕನೆಯ ತಿಂಗಳಿಗೆ ಅವಳು ಬಸಿರಾಗಿದ್ದು ತಿಳಿಯಿತು. ಆ ದಿನದ ಫೋನು ನನಗೆ ಇಂದಿಗೂ ಕಿವಿಯಲ್ಲಿದೆ.

ರಿಫಾಂಪಿಸಿನ್ ಮಾಡುವುದು ಇಷ್ಟು: ನರ್ಸಮ್ಮನವರು ಹೇಳಿದ ಆ ಎರಡನೆಯ ಕಾಲುವೆಯ ಗೇಟನ್ನು ಅದು ಪೂರ್ತಿ ಎತ್ತಿಬಿಡುತ್ತದೆ. ಹಾರ್ಮೋನನ್ನು ಒಡೆಯುವ ಕಿಣ್ವ ಯಕೃತ್ತಿನಲ್ಲಿ ಹೆಚ್ಚಾಗಿ, ಕಡ್ಡಿಯಿಂದ ಬಂದ ಹಾರ್ಮೋನು ಕೆಲಸ ಮಾಡುವ ಮೊದಲೇ ಕರಗಿ ಹೋಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫೀನೋಬಾರ್ಬಿಟಾಲ್ ಕೂಡ ಇದನ್ನೇ ಮಾಡುತ್ತವೆ. ಎಚ್‌ಐವಿ ಔಷಧಗಳಲ್ಲಿ ಎಫಾವಿರೆಂಜ್ ಕೂಡ ಹಾಗೆಯೇ. ಆ ಮಾತ್ರೆಗಳು ನಡೆದಿರುವಷ್ಟು ದಿನ, ನಿಲ್ಲಿಸಿದ ಮೇಲೂ 28 ದಿನ, ಇಂಪ್ಲಾಂಟನ್ನು ಮಾತ್ರ ನಂಬಿಕೊಂಡು ಇರಬಾರದು. ಹಾಗೆಂದು ಕ್ಷಯದ ಅಥವಾ ಫಿಟ್ಸ್‌ನ ಮಾತ್ರೆಯನ್ನು ಯಾರೂ ಬಿಡಬಾರದು, ಬದಲಿಸಬೇಕಾದದ್ದು ಗರ್ಭನಿರೋಧಕವನ್ನು.

ಗಂಗಾವತಿಯ ಬಾಣಂತಿ:

ನನಗೆ ಎರಡು ತಿಂಗಳ ಮಗು ಇದೆ. ಮೊಲೆಹಾಲು ಕುಡಿಸುವಾಗ ಇಂಪ್ಲಾಂಟ್ ಹಾಕಿಸಿಕೊಳ್ಳಬಹುದೇ? ಇನ್ನೊಂದು, ಥಂಡಿ ಹತ್ತಬಾರದೆಂದು ನಮ್ಮತ್ತಿ ದಿನಾ ರಾತ್ರಿ ಬಿಸಿನೀರಿಗೆ ಎರಡು ಚಮಚ ಬ್ರಾಂದಿ ಹಾಕಿ ಕೊಡುತ್ತಾರೆ. ಮಗುವಿಗೂ ಶೀತವಾದಾಗ ಒಂದು ಹನಿ ನಾಲಿಗೆಗೆ ಸವರುತ್ತಾರೆ. ಅವರದು ಪ್ರೀತಿಯೇ, ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಕೊಪ್ಪಳದ ಸ್ಟಾಫ್ ನರ್ಸ್:

ತಂಗಿ, ಇಂಪ್ಲಾಂಟ್ ಹಾಕಿಸಿಕೊಳ್ಳಬಹುದು. ಇದರಲ್ಲಿ ಈಸ್ಟ್ರೋಜನ್ ಇಲ್ಲದ ಕಾರಣ ಹಾಲು ಕಡಿಮೆಯಾಗುವುದಿಲ್ಲ, ಮಗುವಿಗೂ ತೊಂದರೆಯಿಲ್ಲ. ಕೇಂದ್ರ ಸರ್ಕಾರ 2023ರಿಂದ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡಲು ಆರಂಭಿಸಿದೆ, ಅದರಲ್ಲಿ ಕರ್ನಾಟಕವೂ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಸಿಗದಿದ್ದರೆ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ), ಅಂತರ ಇಂಜೆಕ್ಷನ್, ಛಾಯಾ ಮಾತ್ರೆ ಇವು ಎಲ್ಲ ಕಡೆ ಉಚಿತವಾಗಿ ಸಿಗುತ್ತವೆ, ಹಾಲುಣಿಸುವವರಿಗೂ ಆಗುತ್ತವೆ.

ಬ್ರಾಂದಿ ಮಾತ್ರ ಇಂದೇ ನಿಲ್ಲಬೇಕು. ತಾಯಿಯ ರಕ್ತದಲ್ಲಿ ಮದ್ಯ ಎಷ್ಟಿದೆಯೋ ಸುಮಾರು ಅಷ್ಟೇ ಹಾಲಿನಲ್ಲೂ ಇರುತ್ತದೆ. ಹಾಲು ಹಿಂಡಿ ಚೆಲ್ಲಿದರೆ ಅದು ಬೇಗ ಹೋಗುವುದಿಲ್ಲ. ರಕ್ತದಿಂದ ಇಳಿದಂತೆಯೇ ಹಾಲಿನಿಂದಲೂ ಇಳಿಯುತ್ತದೆ. 30 ಎಂಎಲ್‌ನ ಒಂದು ಪೆಗ್ಗಿಗೆ ಕನಿಷ್ಠ ಎರಡು ಗಂಟೆ ಬೇಕು. ಎರಡು ತಿಂಗಳ ಮಗುವಿನ ಯಕೃತ್ತು ಒಂದು ಹನಿಯನ್ನೂ ದೊಡ್ಡವರಂತೆ ಕರಗಿಸಲಾರದು, ಶೀತವೂ ಅದರಿಂದ ಹೋಗುವುದಿಲ್ಲ. ನಿಮ್ಮ ಅತ್ತೆಯವರಿಗೆ ನನ್ನ ಹೆಸರಿನಲ್ಲಿಯೇ ಹೇಳಿ: ಬಾಣಂತಿಗೆ ಅಜವಾನದ ಕಷಾಯ ಕೊಡಲಿ, ಹೊಟ್ಟೆಗೆ ಬಟ್ಟೆ ಕಟ್ಟಲಿ, ಕಿವಿಗೆ ಹತ್ತಿ ಇಡಲಿ, ಬ್ರಾಂದಿ ಬೇಡ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದಾರೆ ಎಂದು. ನಮ್ಮ ಮೇಲೆ ಹಾಕಿದರೆ ಮನೆಯಲ್ಲಿ ಜಗಳವಾಗುವುದಿಲ್ಲ.

ತೋರಣಗಲ್ಲು ಮೂರನೇ ಪಾಳಿ:

ನಮಸ್ಕಾರ. ಗಂಡಸರು ಬರೆಯಬಹುದೇ ತಿಳಿಯದು. ನನ್ನ ಹೆಂಡತಿಗೆ ಇಂಪ್ಲಾಂಟ್ ಇದೆ. ಕುಡಿಯುವವನು ನಾನು. ನನ್ನ ಕುಡಿತದಿಂದ ಅದರ ಮೇಲೆ ಪರಿಣಾಮ ಆಗುತ್ತದೆಯೇ?

ಕೊಪ್ಪಳದ ಸ್ಟಾಫ್ ನರ್ಸ್:

ಅಣ್ಣಾವ್ರೆ, ಖಂಡಿತ ಬರೆಯಬಹುದು. ನೀವು ಕುಡಿದರೆ ಅವರ ಇಂಪ್ಲಾಂಟಿಗೆ ಏನೂ ಆಗುವುದಿಲ್ಲ. ಆದರೆ ಇಂಪ್ಲಾಂಟ್ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಅದಕ್ಕೆ ನಿರೋಧ್ ಒಂದೇ ದಾರಿ, ಕುಡಿದಾಗ ಮರೆಯುವುದೂ ಅದನ್ನೇ. ಕುಡಿತ ಬಿಡುವ ಮನಸ್ಸಿದ್ದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ನಾಚಿಕೊಳ್ಳಬೇಡಿ.

ಮಾನ್ವಿಯ ಅವ್ವ:

ಸಿಂಧನೂರಿನ ಅಣ್ಣನವರ ಮಾತನ್ನು ಮಗಳು ಓದುತ್ತಾ ಓದುತ್ತಾ ಸುಮ್ಮನಾದಳು. ಅವಳಿಗೆ ಹತ್ತನೇ ವಯಸ್ಸಿನಿಂದ ಫಿಟ್ಸ್ ಇದೆ, ಫೆನಿಟಾಯಿನ್ ನುಂಗುತ್ತಾಳೆ. ಬರುವ ತಿಂಗಳು ಮದುವೆ. ಎರಡು ವರ್ಷ ಮಕ್ಕಳು ಬೇಡ, ಇಂಪ್ಲಾಂಟ್ ಹಾಕಿಸಿಕೊಳ್ಳುತ್ತೇನೆ ಎಂದು ಅವಳೇ ಯೋಚಿಸಿದ್ದಳಂತೆ. ನನಗೆ ಈಗ ಹೇಳುತ್ತಿದ್ದಾಳೆ. ಅವಳು ಏನು ಮಾಡಬೇಕು?

ಸಿಂಧನೂರು ಔಷಧ ಅಂಗಡಿ:

ಅವ್ವ, ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಆ ಮಾತ್ರೆ ನಡೆದಿರುವಾಗ ಇಂಪ್ಲಾಂಟೂ ನಂಬಿಕೆಗೆ ಸಾಲದು, ಮಾಲಾ-ಎನ್ ಮಾತ್ರೆಯೂ ಸಾಲದು. ವಂಕಿಯಲ್ಲಿ ಹಾರ್ಮೋನೇ ಇಲ್ಲದ ಕಾರಣ ಅದಕ್ಕೆ ಈ ತೊಂದರೆಯಿಲ್ಲ, ಮಕ್ಕಳಾಗದವರಿಗೂ ಹಾಕಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಇಂಜೆಕ್ಷನ್ನಿನ ಕೆಲಸವೂ ಫೆನಿಟಾಯಿನ್‌ನಿಂದ ಕೆಡುವುದಿಲ್ಲ, ಆದರೆ ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ. ಮದುವೆಗೆ ಮೊದಲೇ ಫಿಟ್ಸ್ ನೋಡುವ ವೈದ್ಯರಿಗೆ ತಿಳಿಸಿ, ಮುಂದೆ ಬಸಿರಿಗೆ ಯಾವ ಮಾತ್ರೆ ಸೂಕ್ತ ಎಂಬುದನ್ನೂ ಅವರು ಈಗಲೇ ಯೋಚಿಸಬೇಕಾಗುತ್ತದೆ.

ಕೊಪ್ಪಳದ ಸ್ಟಾಫ್ ನರ್ಸ್:

ಮಾತ್ರೆಯ ಮಾತು ಬಂದದ್ದಕ್ಕೆ ಬಳ್ಳಾರಿಯ ತಂಗಿಗೆ ಒಂದು ಸೂಚನೆ. ರಕ್ತದ ಕಲೆ ಹೆಚ್ಚಾದರೆ ವೈದ್ಯರು ಮೆಫೆನಮಿಕ್ ಆಸಿಡ್ ಮಾತ್ರೆ ಕೊಡಬಹುದು. ಅದರ ಮೇಲೆ ಮದ್ಯ ಕುಡಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯವಿದೆ. ಬಿಳಿ ಸೆರಗಿಗೆ ಮೆಟ್ರೊನಿಡಜೋಲ್ ಕೊಟ್ಟಾಗಲೂ ಮದ್ಯ ಮುಟ್ಟಬಾರದು. ಆಸ್ಪತ್ರೆಯಲ್ಲಿ ತಲೆನೋವಿಗೆ ಬರೆದದ್ದು ಪ್ಯಾರಸಿಟಮಾಲ್ ಆಗಿದ್ದರೆ, ಕುಡಿದ ರಾತ್ರಿ ಅದನ್ನು ಮೇಲಿಂದ ಮೇಲೆ ನುಂಗಬೇಡಿ, ಯಕೃತ್ತಿಗೆ ಎರಡೂ ಭಾರ.

ಬಳ್ಳಾರಿ ಗುಡ್ಡದ ಕೆಳಗೆ:

ಎಲ್ಲರಿಗೂ ಕೈಮುಗಿಯುತ್ತೇನೆ. ನರ್ಸಕ್ಕ ಹೇಳಿದ ಹಾಗೆ ಅಂದು ರಾತ್ರಿಯೇ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ತೋಳನ್ನು ಮುಟ್ಟಿ ನೋಡಿದೆ. ಮೊದಲು ಸಿಗಲಿಲ್ಲ, ಕೈ ನಡುಗುತ್ತಿತ್ತು. ಕೈಯನ್ನು ತಲೆಯ ಹಿಂದಕ್ಕೆ ಮಡಚಿದ ಮೇಲೆ ಎರಡೂ ತುದಿ ಬೆರಳಿಗೆ ಸಿಕ್ಕಿತು.

ಇಂದು ಬೆಳಿಗ್ಗೆ ಬೇರೊಂದು ಆಸ್ಪತ್ರೆಗೆ ಯಜಮಾನರ ಜೊತೆ ಹೋದೆ. ಈ ಸಲ ಕುಡಿದದ್ದನ್ನು, ವಾಂತಿಯಾದದ್ದನ್ನು, ಎಷ್ಟು ಕುಡಿದೆ ಎಂಬುದನ್ನು ಪೂರ್ತಿ ಹೇಳಿದೆ. ವೈದ್ಯರು ಪೂರ್ತಿ ಕೇಳಿಸಿಕೊಂಡರು, ನನ್ನ ಸಮಾಧಾನಕ್ಕೆಂದು ಮೂತ್ರದ ಪರೀಕ್ಷೆ ಮಾಡಿಸಿದರು, ಬಸಿರಿಲ್ಲ. ರಕ್ತದ ಕಲೆ ಇನ್ನೂ ಮೂರು ತಿಂಗಳು ಹೀಗೇ ಇದ್ದರೆ ಬನ್ನಿ ಎಂದರು. ಮದ್ಯದ ಬಗ್ಗೆ ಕೇಳಿದಾಗ, ನಿಮ್ಮ ಇಂಪ್ಲಾಂಟಿಗಾಗಿ ಬಿಡಬೇಕಿಲ್ಲ, ನಿಮಗಾಗಿ ಬಿಟ್ಟರೆ ಒಳ್ಳೆಯದು ಎಂದರು. ನಮ್ಮ ತಾಯಿಗೆ ಸ್ತನ ಕ್ಯಾನ್ಸರ್ ಆಗಿತ್ತು ಎಂಬುದನ್ನು ಆಗ ಹೇಳಿದೆ; ಇಂಪ್ಲಾಂಟ್ ಹಾಕುವ ಮೊದಲು ಅದನ್ನು ಯಾರೂ ಕೇಳಿರಲಿಲ್ಲ, ನಾನಾಗಿ ಹೇಳಿಯೂ ಇರಲಿಲ್ಲ. ತಾಯಿಗೆ ಆಗಿತ್ತು ಎಂಬ ಕಾರಣಕ್ಕೆ ಇಂಪ್ಲಾಂಟ್ ತೆಗೆಯಬೇಕಿಲ್ಲ, ಆದರೆ ಸ್ತನ ಪರೀಕ್ಷೆಯನ್ನು ಎಂದಿನಿಂದ ಮಾಡಿಸಬೇಕೆಂದು ಮುಂದಿನ ವಾರ ಕುಳಿತು ಮಾತನಾಡೋಣ ಎಂದಿದ್ದಾರೆ. ವೈನ್ ಬೇಡವೆಂದು ನಾನು ಅಲ್ಲಿಯೇ ತೀರ್ಮಾನಿಸಿದೆ.

ಇಂಪ್ಲಾಂಟ್ ಹಾಕಿದ ದಿನ, ತೆಗೆಯಬೇಕಾದ ದಿನ ಬರೆದ ಕಾರ್ಡನ್ನು ಬೆಂಗಳೂರಿನಿಂದ ತಂದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೆ. ಅದನ್ನು ತೆಗೆದು ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದೇನೆ. ಸಿಂಧನೂರಿನ ಅಣ್ಣನವರು ಬರೆದ ಐದು ಮಾತ್ರೆಗಳ ಹೆಸರನ್ನು ಅದರ ಹಿಂಬದಿಯಲ್ಲಿ ಬರೆದುಕೊಂಡಿದ್ದೇನೆ, ರಿಫಾಂಪಿಸಿನ್ ಮೊದಲು.